ರಟ್ಟೆಯ ಬಲವೂ ಆಯುಷ್ಯವೂ

ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡವನ್ನು ಓದುತ್ತಿರುವ ಅಂತಿಮ ಬಿ. ಎ. ತರಗತಿಯವಳು. ಶರೀರಶಾಸ್ತ್ರದ ವಿಷಯವಾಗಿ ಬರೆಯುವ ಅಧಿಕಾರ ನಿನಗೆಲ್ಲಿಂದ ಬಂದಿತು ಎಂದು ವಾಚಕರು ಕೇಳಿದರೆ, ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು ಎಂದಷ್ಟೇ ಉತ್ತರ ಕೊಡಬಲ್ಲೆನು. ಆದುದರಿಂದ ಮೊದಲು ಆ ಸಂಗತಿಯನ್ನು ಹೇಳಿ, ಅನಂತರ ನಾನು ಓದಿ ತಿಳಿದುದನ್ನು ನನ್ನ ಶಕ್ತ್ಯನುಸಾರ ವಿವರಿಸುತ್ತೇನೆ.

ನಮ್ಮ ಅಜ್ಜನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದವರು. ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಆ ಊರಿನಲ್ಲಿ ಅಂಥವರು ಬೀದಿಗೆ ಹತ್ತು ಮಂದಿ ಸಿಕ್ಕುತ್ತಾರೆ. ಪ್ರಾಯದಲ್ಲಿ ಅವರು ಎರಡು ಕೈಯಲ್ಲಿ ಎರಡು ತುಂಬಿದ ಕೊಡಗಳನ್ನು ಹಿಡಿದು, ಮಾತನಾಡುತ್ತಲೇ ಮೆಟ್ಟಿಲು ಹತ್ತುತ್ತಿದ್ದರೆಂದು ಅಜ್ಜಿ ಈಗಲೂ ಹೆಮ್ಮೆಯಿಂದ ಹೇಳುವುದುಂಟು. ನಿವೃತ್ತರಾದ ಮೇಲೆ ಅವರು ಕುರ್ಚಿಯನ್ನು ಹಿಡಿದರು. ಇಷ್ಟು ವರ್ಷ ದುಡಿದವರು ಇನ್ನಾದರೂ ಕೂತು ಉಣ್ಣಲಿ ಎಂಬುದು ಮನೆಯವರೆಲ್ಲರ ಆಸೆಯಾಗಿದ್ದಿತು. ಶನಿವಾರ ಕಾಲೇಜು ಮುಗಿಸಿ ಶಿವಮೊಗ್ಗದಿಂದ ರೈಲು ಹತ್ತಿ ಭದ್ರಾವತಿಗೆ ಹೋದಾಗಲೆಲ್ಲ, ನೀರು, ಚಹಾ, ಪತ್ರಿಕೆ, ಕನ್ನಡಕ ಎಲ್ಲವನ್ನೂ ಅವರು ಕೂತಲ್ಲಿಗೇ ತಂದುಕೊಡುತ್ತಿದ್ದವಳು ನಾನೇ. ಇದನ್ನು ನಾನು ಸೇವೆಯೆಂದು ತಿಳಿದಿದ್ದೆನು.

ಹೋದ ಮಳೆಗಾಲದಲ್ಲಿ ಅಜ್ಜನವರು ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದರು. ದೈವಕೃಪೆಯಿಂದ ಮೂಳೆ ಮುರಿಯಲಿಲ್ಲ. ಹತ್ತು ದಿನ ಹಾಸಿಗೆಯಲ್ಲಿದ್ದು, ಹನ್ನೊಂದನೆಯ ದಿನ ಏಳಲು ಹೋದಾಗ ಅವರ ಕಾಲು ಅವರ ಮಾತನ್ನು ಕೇಳಲಿಲ್ಲ. ನೋವೂ ಇಲ್ಲ, ಮುರಿತವೂ ಇಲ್ಲ, ಆದರೂ ಏಳಲಾಗದು. ಮಂಚದ ಪಟ್ಟಿಯನ್ನು ಹಿಡಿದುಕೊಂಡು ಅವರು ನನ್ನ ಮುಖವನ್ನು ನೋಡಿ, "ಕಾಲು ಎಲ್ಲಿ ಹೋಯ್ತು ಮಗಾ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟುದರ ಫಲವೇ ಈ ಲೇಖನ.

ನಮ್ಮ ಶರೀರದಲ್ಲಿ ಮೂಳೆಗಳನ್ನು ಆಡಿಸುವ ಮಾಂಸಖಂಡಗಳು ಆರುನೂರಕ್ಕೂ ಹೆಚ್ಚು ಇವೆ. ಪ್ರಾಯದ ಗಂಡಸಿನ ತೂಕದಲ್ಲಿ ಸುಮಾರು ಶೇಕಡ ೪೦ ಭಾಗ ಇವುಗಳದೇ; ಹೆಂಗಸರಲ್ಲಿ ಇದಕ್ಕಿಂತ ಸ್ವಲ್ಪ ಕಡಮೆ. ಮಾಂಸಖಂಡವೆಂದರೆ ಭಾರ ಎತ್ತುವುದಕ್ಕೆ ಮಾತ್ರ ಎಂದು ನಾವು ಭಾವಿಸುತ್ತೇವೆ. ಆದರೆ ಅದಕ್ಕೆ ಬೇರೆ ಕೆಲಸಗಳೂ ಉಂಟು. ಉಂಡ ಅನ್ನದಿಂದ ರಕ್ತಕ್ಕೆ ಸೇರುವ ಸಕ್ಕರೆಯ ಬಹುಭಾಗವನ್ನು ಹೀರಿಕೊಂಡು ಕೂಡಿಡುವ ಉಗ್ರಾಣ ಅದು. ರೋಗ ಬಂದು ಊಟ ಸೇರದಿದ್ದಾಗ, ಗಾಯ ಮಾಯುವುದಕ್ಕೂ ರೋಗವನ್ನೆದುರಿಸುವುದಕ್ಕೂ ಬೇಕಾದ ಪ್ರೋಟೀನಿನ ಅಂಶಗಳನ್ನು ಶರೀರವು ಮಾಂಸಖಂಡದಿಂದಲೇ ಕರಗಿಸಿಕೊಳ್ಳುತ್ತದೆ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಕಷ್ಟಕಾಲದ ಮೀಸಲು ನಿಧಿ. ನಿಧಿ ದೊಡ್ಡದಿದ್ದವನು ಒಂದು ತಿಂಗಳ ಕಾಯಿಲೆಯನ್ನು ದಾಟುತ್ತಾನೆ. ಬರಿದಾದವನು ಒಂದು ವಾರದ ಜ್ವರಕ್ಕೇ ಕುಸಿಯುತ್ತಾನೆ.

ಈ ನಿಧಿಯು ಮೂವತ್ತರ ಪ್ರಾಯ ದಾಟಿದ ಮೇಲೆ ಮೆಲ್ಲಮೆಲ್ಲನೆ ಕರಗತೊಡಗುತ್ತದೆ. ಹತ್ತು ವರ್ಷಕ್ಕೆ ಶೇಕಡ ೩ರಿಂದ ೮ರಷ್ಟು ಕಡಮೆಯಾಗುವುದೆಂದೂ, ಅರವತ್ತರ ಮೇಲೆ ಈ ವೇಗ ಹೆಚ್ಚುವುದೆಂದೂ ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ವಿಶೇಷವೇನೆಂದರೆ, ಮಾಂಸಖಂಡದ ಗಾತ್ರಕ್ಕಿಂತ ಅದರ ಬಲವೇ ಬೇಗನೆ ಇಳಿಯುತ್ತದೆ. ಇದಕ್ಕೆ ಕಾರಣವುಂಟು. ಮಾಂಸಖಂಡದಲ್ಲಿ ಎರಡು ಬಗೆಯ ಎಳೆಗಳಿವೆ: ನಿಧಾನವಾಗಿ ಬಹಳ ಹೊತ್ತು ದುಡಿಯುವ ಎಳೆಗಳು, ಮತ್ತು ಥಟ್ಟನೆ ಬಲವನ್ನು ತೋರುವ ಎಳೆಗಳು. ವಯಸ್ಸಾದಂತೆ ಇವುಗಳಿಗೆ ಆಜ್ಞೆ ತರುವ ನರಕೋಶಗಳು ಕಡಮೆಯಾಗುತ್ತವೆ. ಎರಡನೆಯ ಬಗೆಯ ಎಳೆಗಳು ಮೊದಲು ಸೊರಗುತ್ತವೆ. ಕಾಲು ಎಡವಿದಾಗ ನಮ್ಮನ್ನು ಕ್ಷಣಾರ್ಧದಲ್ಲಿ ಹಿಡಿದು ನಿಲ್ಲಿಸಬೇಕಾದವು ಇವೇ ಎಳೆಗಳು. ವೃದ್ಧರು ಮೈಲಿ ದೂರ ನಡೆಯಬಲ್ಲವರಾಗಿದ್ದರೂ ಬಚ್ಚಲಿನಲ್ಲಿ ಜಾರಿದಾಗ ಸಾವರಿಸಿಕೊಳ್ಳಲಾರದೆ ಹೋಗುವುದು ಇದರಿಂದಲೇ.

ಈ ಸ್ಥಿತಿಗೆ ೧೯೮೯ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ಅಮೆರಿಕದ ವಿದ್ವಾಂಸರು 'ಸಾರ್ಕೊಪೀನಿಯ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಸಾರ್ಕ್ಸ್' ಎಂದರೆ ಮಾಂಸ, 'ಪೀನಿಯ' ಎಂದರೆ ಕೊರತೆ. ಅದಕ್ಕೆ ಮುಂಚೆ ಇದು ಮುಪ್ಪಿನ ಸಹಜಧರ್ಮವೆಂದು ಬಿಟ್ಟುಬಿಡುತ್ತಿದ್ದರು. ಹೆಸರಿಲ್ಲದ ಕಾಯಿಲೆಗೆ ಮದ್ದನ್ನು ಹುಡುಕುವವರು ಯಾರು?

ಹಾಸಿಗೆಯ ವಿಷಯವನ್ನು ಓದಿದಾಗ ನನಗೆ ಅತ್ಯಂತ ಖೇದವಾಯಿತು. ೨೦೦೭ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸರಾಸರಿ ೬೭ ವರ್ಷದ ಆರೋಗ್ಯವಂತರಾದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋಗ್ರಾಂ ಮಾಂಸಖಂಡ ಕರಗಿಹೋಗಿದ್ದಿತು. ತೊಡೆಯ ಬಲವು ಶೇಕಡ ೧೬ರಷ್ಟು ಇಳಿದಿದ್ದಿತು. ರೋಗವಿಲ್ಲದವರ ಗತಿಯೇ ಹೀಗಾದರೆ, ಎಂಟು ಹತ್ತು ವರ್ಷದಿಂದ ಕುರ್ಚಿಯಲ್ಲೇ ಕೂತಿದ್ದ ನಮ್ಮ ಅಜ್ಜನವರ ಕಾಲು ಎಲ್ಲಿ ಹೋಯಿತೆಂಬುದು ತಿಳಿಯಿತು. ಅದು ಹತ್ತು ದಿನದಲ್ಲಿ ಹೋದುದಲ್ಲ. ವರ್ಷಗಳಿಂದ ಹೋಗುತ್ತಲೇ ಇದ್ದು, ಆ ಹತ್ತು ದಿನದಲ್ಲಿ ಕೊನೆಯ ಬಿಡಿಕಾಸು ಖರ್ಚಾಯಿತು. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆಯನ್ನು ನಾನು ಹಣಕ್ಕೆ ಮಾತ್ರ ಅನ್ವಯಿಸುತ್ತದೆಂದು ತಿಳಿದಿದ್ದೆನು.

ಇನ್ನು ಬಲಕ್ಕೂ ಆಯುಷ್ಯಕ್ಕೂ ಇರುವ ಸಂಬಂಧವನ್ನು ನೋಡೋಣ. ಕೈಯ ಹಿಡಿತದ ಬಲವನ್ನು ಅಳೆಯುವ ಒಂದು ಸಣ್ಣ ಯಂತ್ರವುಂಟು. ಅದರ ಹಿಡಿಕೆಯನ್ನು ಸರ್ವಶಕ್ತಿಯಿಂದ ಅದುಮಿದರೆ ಎಷ್ಟು ಕಿಲೋಗ್ರಾಂ ಬಲವೆಂಬುದನ್ನು ಅದು ತೋರಿಸುತ್ತದೆ. ೧೭ ದೇಶಗಳಲ್ಲಿ ೩೫ರಿಂದ ೭೦ ವರ್ಷದೊಳಗಿನ ೧,೩೯,೬೯೧ ಮಂದಿಯ ಹಿಡಿತವನ್ನು ಹೀಗೆ ಅಳೆದು, ಸುಮಾರು ನಾಲ್ಕು ವರ್ಷ ಅವರ ಯೋಗಕ್ಷೇಮವನ್ನು ಗಮನಿಸಿದ ಒಂದು ಬೃಹತ್ ಅಧ್ಯಯನದ ಫಲಿತಾಂಶವು ೨೦೧೫ರಲ್ಲಿ ಹೊರಬಂದಿತು. ಭಾರತವೂ ಇದರಲ್ಲಿ ಸೇರಿದ್ದಿತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯು ಇದರಲ್ಲಿ ಪಾಲುಗೊಂಡಿದ್ದುದು ಕನ್ನಡಿಗರಿಗೆ ಸಂತೋಷದ ವಿಷಯ. ಹಿಡಿತದ ಬಲವು ೫ ಕಿಲೋಗ್ರಾಂ ಕಡಮೆಯಾದಂತೆಲ್ಲ ಯಾವುದೇ ಕಾರಣದಿಂದ ಮರಣ ಹೊಂದುವ ಸಂಭವವು ಶೇಕಡ ೧೬ರಷ್ಟು ಹೆಚ್ಚುತ್ತಿದ್ದಿತು. ಮರಣವನ್ನು ಮುಂದಾಗಿ ಸೂಚಿಸುವುದರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಗಿಂತಲೂ ಈ ಹಿಡಿತವೇ ಮೇಲೆನಿಸಿತು.

ಬ್ರೆಜಿಲ್ ದೇಶದ ವೈದ್ಯರಾದ ಕ್ಲಾಡಿಯೊ ಗಿಲ್ ಅರೌಜೊ ಮತ್ತು ಅವರ ಸಂಗಡಿಗರ ಪರೀಕ್ಷೆಗೆ ಯಂತ್ರವೂ ಬೇಡ. ನೆಲದ ಮೇಲೆ ಕೂರಬೇಕು, ಏಳಬೇಕು. ಕೂರುವುದಕ್ಕೆ ೫ ಅಂಕ, ಏಳುವುದಕ್ಕೆ ೫ ಅಂಕ. ಕೈಯನ್ನಾಗಲಿ ಮೊಣಕಾಲನ್ನಾಗಲಿ ಊರಿದರೆ ಪ್ರತಿಯೊಂದಕ್ಕೂ ಒಂದು ಅಂಕ ಹೋಯಿತು. ಮೈ ತೂಗಾಡಿದರೆ ಅರ್ಧ ಅಂಕ ಹೋಯಿತು. ೫೧ರಿಂದ ೮೦ ವರ್ಷದ ೨,೦೦೨ ಮಂದಿಯನ್ನು ಹೀಗೆ ಪರೀಕ್ಷಿಸಿ ಸುಮಾರು ಆರು ವರ್ಷ ಕಾದು ನೋಡಿದಾಗ, ೩ ಅಥವಾ ಅದಕ್ಕಿಂತ ಕಡಮೆ ಅಂಕ ಪಡೆದವರಲ್ಲಿ ಮರಣದ ಸಂಭವವು ೮ಕ್ಕೂ ಮೇಲ್ಪಟ್ಟು ಪಡೆದವರಿಗಿಂತ ಐದಾರು ಪಟ್ಟು ಹೆಚ್ಚಾಗಿದ್ದಿತು. ಇದನ್ನೋದಿದ ದಿನವೇ ನಾನು ನಮ್ಮ ಅಜ್ಜಿಯನ್ನು ಗಮನಿಸಿದೆನು. ಎಪ್ಪತ್ತು ದಾಟಿದ ಆಕೆ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದು, ಹಾಲು ಉಕ್ಕುವ ಸದ್ದು ಕೇಳಿದೊಡನೆ ಒಂದೇ ಕೈಯೂರಿ ಎದ್ದು ಒಲೆಯ ಬಳಿಗೆ ಹೋದರು. ಒಂಬತ್ತು ಅಂಕ! ಮನೆಯಲ್ಲಿ ಅಜ್ಜನವರಿಗೆ ನಿವೃತ್ತಿ ದೊರಕಿತು, ಅಜ್ಜಿಗೆ ದೊರಕಲಿಲ್ಲ. ಆ ಅನ್ಯಾಯವನ್ನು ನಾನು ಹೊಗಳುತ್ತಿಲ್ಲ. ಆದರೆ ನೆಲದ ಮೇಲಿನ ಆ ಏಳು-ಬೀಳುಗಳು ಆಕೆಯ ತೊಡೆಗಳಿಗೆ ದಿನವೂ ಪಾಠ ಹೇಳುತ್ತಿದ್ದವೆಂಬುದನ್ನು ಒಪ್ಪಲೇಬೇಕು.

ಆದರೆ ಇಲ್ಲಿ ಅವಸರದ ತೀರ್ಮಾನ ಸಲ್ಲದು. ಬಲ ಕುಂದಿದುದರಿಂದ ಸಾವು ಬಂದಿತೋ, ಅಥವಾ ಒಳಗೆ ಅಡಗಿದ್ದ ರೋಗವು ಬಲವನ್ನೂ ಆಯುಷ್ಯವನ್ನೂ ಒಟ್ಟಿಗೆ ಕುಂದಿಸಿತೋ? ಎರಡೂ ಇರಬಹುದು. ಹಿಡಿತದ ಯಂತ್ರವು ಜ್ವರಮಾಪಕದಂತೆ. ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿಯದು. ಹಾಗೆಯೇ ರಬ್ಬರಿನ ಚೆಂಡನ್ನು ದಿನವೂ ಅದುಮಿದ ಮಾತ್ರಕ್ಕೆ ಆಯುಷ್ಯ ಬೆಳೆಯುವುದೆಂದು ತಿಳಿಯುವುದು ತಪ್ಪು. ಅಮೆರಿಕದಲ್ಲಿ ೭೦ರಿಂದ ೭೯ ವರ್ಷದ ೨,೨೯೨ ಮಂದಿಯನ್ನು ಕುರಿತು ೨೦೦೬ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. ಮರಣದ ಸಂಭವದೊಡನೆ ಸಂಬಂಧ ಕಂಡುದು ಮಾಂಸಖಂಡದ ಬಲಕ್ಕೆ, ಗಾತ್ರಕ್ಕಲ್ಲ. ತೋರಿಕೆಗೆ ದಪ್ಪಗಿರುವ ತೋಳು ಬೇರೆ, ಕೆಲಸಕ್ಕೊದಗುವ ತೋಳು ಬೇರೆ.

ನಮ್ಮ ತಂದೆಯವರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಹೇಳಬೇಕು. ಅವರು ಶಿವಮೊಗ್ಗದ ಅಡಕೆ ಮಂಡಿಯಲ್ಲಿ ಮೂಟೆ ಹೊರುವವರು. ನಾನು ಓದಿದುದನ್ನು ಒಂದು ರಾತ್ರಿ ಊಟದ ಹೊತ್ತಿನಲ್ಲಿ ವಿವರಿಸಿದಾಗ ಅವರು ನಕ್ಕು, "ಭಾರ ಎತ್ತಿದರೆ ಆಯುಷ್ಯ ಹೆಚ್ಚೋದಾದರೆ, ಹಮಾಲರೆಲ್ಲ ಚಿರಂಜೀವಿಗಳಾಗಬೇಕಿತ್ತಲ್ಲ?" ಎಂದರು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿದಾಗ, ಡೆನ್ಮಾರ್ಕ್ ಮೊದಲಾದ ದೇಶಗಳ ವಿದ್ವಾಂಸರೂ ಇದೇ ಪ್ರಶ್ನೆಯನ್ನು ಕೇಳಿಕೊಂಡಿದ್ದಾರೆಂದು ತಿಳಿಯಿತು. ಬಿಡುವಿನಲ್ಲಿ ಮಾಡಿದ ವ್ಯಾಯಾಮಕ್ಕೆ ಕಂಡ ಲಾಭವು ಕೂಲಿಯ ದುಡಿಮೆಗೆ ಕಾಣದು ಎಂಬುದು ಅವರಲ್ಲಿ ಕೆಲವರ ಮತ. ವ್ಯಾಯಾಮ ಮಾಡುವವನು ದಣಿದಾಗ ನಿಲ್ಲಿಸುತ್ತಾನೆ, ಮಾರನೆಯ ದಿನ ವಿಶ್ರಮಿಸುತ್ತಾನೆ, ಹೊಟ್ಟೆತುಂಬ ಉಣ್ಣುತ್ತಾನೆ. ಕೂಲಿಯವನು ಒಂದೇ ಬೆನ್ನಿನ ಮೇಲೆ ಒಂದೇ ಬಗೆಯ ಭಾರವನ್ನು ದಿನವೆಲ್ಲ ಹೊರಬೇಕು. ನಿಲ್ಲಿಸಿದರೆ ಕೂಲಿ ನಿಲ್ಲುತ್ತದೆ. ಬಡತನ, ಧೂಳು, ಬೀಡಿ ಇವೂ ಲೆಕ್ಕಕ್ಕೆ ಸೇರುವುದರಿಂದ ಈ ವಿಷಯದಲ್ಲಿ ವಿದ್ವಾಂಸರೊಳಗೆ ಚರ್ಚೆ ಇನ್ನೂ ನಡೆದಿದೆ. ಭಾರವು ಬಲವನ್ನು ಕೊಡಬೇಕಾದರೆ ಅದರ ಹಿಂದೆ ವಿಶ್ರಾಂತಿಯೂ ಅನ್ನವೂ ಇರಬೇಕು ಎಂದು ತಂದೆಯವರಿಗೆ ಹೇಳಿದೆನು. ಅವರು ಮತ್ತೆ ನಗಲಿಲ್ಲ.

ಭದ್ರಾವತಿಯ ಮಾತು ಬಂದ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯದಿರಲಾದೀತೆ? ೧೯೨೩ರಲ್ಲಿ ಅಲ್ಲಿಯ ಕುಲುಮೆಯಿಂದ ಕಬ್ಬಿಣ ಹೊರಬಂದ ಕಾಲದಲ್ಲಿ ಅವರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿದರು; ೧೯೨೯ರ ವರೆಗೆ ಆ ಹೊಣೆಯನ್ನು ಹೊತ್ತರು. ಆಗ ಅವರ ಪ್ರಾಯ ಅರವತ್ತನ್ನು ದಾಟಿದ್ದಿತು. "ಅರವತ್ತಕ್ಕೆ ಅರಳು ಮರಳು" ಎನ್ನುವ ನಮ್ಮ ನಾಡಿನಲ್ಲಿ ಅವರು ಅರವತ್ತರ ಮೇಲೆ ಉಕ್ಕಿನ ಕನಸನ್ನು ನಡೆಸಿದರು. ೧೯೬೨ರ ಏಪ್ರಿಲಿನಲ್ಲಿ ತೀರಿಕೊಂಡಾಗ ಅವರು ನೂರನ್ನು ದಾಟಿದ್ದರು. ಮಿತವಾದ ಆಹಾರ, ನಿಯಮಿತವಾದ ನಡಿಗೆ, ಕೊನೆಯವರೆಗೂ ಬಿಡದ ಕೆಲಸ ಇವು ಅವರ ದಿನಚರಿಯಾಗಿದ್ದವೆಂಬುದು ಸರ್ವವಿದಿತ. ಒಬ್ಬ ಮಹನೀಯರ ಉದಾಹರಣೆಯಿಂದ ಶಾಸ್ತ್ರವನ್ನು ಸಾಧಿಸಲಾಗದು, ನಿಜ. ಆದರೆ ಅದರಿಂದ ಧೈರ್ಯವನ್ನು ಪಡೆಯಬಹುದು.

ಈಗ ಮುಖ್ಯ ಪ್ರಶ್ನೆ: ಕಳೆದುಹೋದ ಬಲವು ಮುಪ್ಪಿನಲ್ಲಿ ಮರಳಿ ಬರುವುದೆ? ಬರುವುದು ಎಂಬುದೇ ಸಂತೋಷದ ಉತ್ತರ. ೧೯೯೦ರಲ್ಲಿ ಅಮೆರಿಕದ ಮರಿಯಾ ಫಿಯಟರೋನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ವೃದ್ಧಾಶ್ರಮದ ಹತ್ತು ಮಂದಿ ದುರ್ಬಲರಿಗೆ ಎಂಟು ವಾರ ತೂಕ ಎತ್ತುವ ವ್ಯಾಯಾಮವನ್ನು ಕಲಿಸಿದರು. ಅವರ ಸರಾಸರಿ ವಯಸ್ಸು ತೊಂಬತ್ತು! ಕೊನೆಯ ತನಕ ನಿಂತ ಒಂಬತ್ತು ಮಂದಿಯಲ್ಲಿ ಕಾಲಿನ ಬಲವು ಸರಾಸರಿ ಶೇಕಡ ೧೭೪ರಷ್ಟು ಏರಿತು. ತೊಡೆಯ ಮಾಂಸಖಂಡವು ಶೇಕಡ ೯ರಷ್ಟು ಬೆಳೆಯಿತು. ಮಾಂಸ ಬೆಳೆದುದು ಸ್ವಲ್ಪ, ಬಲ ಬೆಳೆದುದು ಬಹಳ. ಏಕೆಂದರೆ ಮೊದಲ ವಾರಗಳಲ್ಲಿ ನರಗಳು ಇರುವ ಎಳೆಗಳನ್ನೇ ಚೆನ್ನಾಗಿ ದುಡಿಸಲು ಕಲಿಯುತ್ತವೆ. ಬೀಳುವ ಭಯದ ವಿಷಯದಲ್ಲೂ ಭರವಸೆಯುಂಟು. ೧೦೮ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ೨೦೧೯ರ ಒಂದು ವಿಮರ್ಶೆಯು, ವ್ಯಾಯಾಮದಿಂದ ವೃದ್ಧರು ಬೀಳುವುದು ಶೇಕಡ ೨೩ರಷ್ಟು ಕಡಮೆಯಾಗುವುದೆಂದು ಕಂಡುಕೊಂಡಿತು. ಇದು ಬರಿಯ ಸಂಬಂಧವಲ್ಲ, ಮಾಡಿ ನೋಡಿದ ಫಲ.

ಹಾಗಾದರೆ ಏನು ಮಾಡತಕ್ಕದ್ದು? ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಕೊಟ್ಟ ಸಲಹೆಯಂತೆ ೬೫ ದಾಟಿದವರು ವಾರಕ್ಕೆ ೧೫೦ ನಿಮಿಷವಾದರೂ ಚುರುಕಾಗಿ ನಡೆಯುವಂಥ ಚಟುವಟಿಕೆಯಲ್ಲಿರಬೇಕು. ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮವನ್ನೂ, ಮೂರು ದಿನವಾದರೂ ಸಮತೋಲನದ ಅಭ್ಯಾಸವನ್ನೂ ಮಾಡಬೇಕು. ನಡಿಗೆಯೊಂದೇ ಸಾಲದು ಎಂಬುದನ್ನು ಬೆಳಗ್ಗೆ ಗಾಂಧಿ ಪಾರ್ಕಿನಲ್ಲಿ ಸುತ್ತುವ ಹಿರಿಯರು ಗಮನಿಸಬೇಕು. ಇದಕ್ಕೆ ಹಣ ಕೊಟ್ಟು ಗರಡಿ ಸೇರಬೇಕಾಗಿಲ್ಲ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಅಂಗೈ ಕೊಟ್ಟು ಮೈಯನ್ನು ತಳ್ಳುವುದು. ಕಿಟಕಿಯ ಸರಳನ್ನು ಹಿಡಿದು ಹಿಮ್ಮಡಿಯನ್ನೆತ್ತಿ ನಿಲ್ಲುವುದು. ನೀರು ತುಂಬಿದ ಒಂದು ಲೀಟರ್ ಸೀಸೆಯನ್ನು ಎತ್ತಿ ಇಳಿಸುವುದು. ಹತ್ತು ಸಲ ಸುಲಭವಾದಾಗ ಸ್ವಲ್ಪ ಕಷ್ಟವನ್ನು ಹೆಚ್ಚಿಸಬೇಕು. ಗರಡಿಯ ಹುಡುಗನು ಬೈಠಕ್ಕಿನ ಎಣಿಕೆಯನ್ನು ದಿನದಿಂದ ದಿನಕ್ಕೆ ಏರಿಸುವುದೂ ಇದೇ ತತ್ತ್ವದ ಮೇಲೆ. ಉಸಿರು ಬಿಗಿಹಿಡಿಯಬಾರದು. ಹೃದಯದ ತೊಂದರೆ, ರಕ್ತದೊತ್ತಡ, ಮಂಡಿನೋವು ಇರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಮೊದಲ ದಿನಗಳಲ್ಲಿ ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ಅನ್ನದ ವಿಷಯ ಒಂದೆರಡು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೨೦ರ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗ್ರಾಮಿಗೆ ೦.೮೩ ಗ್ರಾಂ ಪ್ರೋಟೀನು ಬೇಕು. ೬೦ ಕಿಲೋಗ್ರಾಂ ತೂಗುವವರಿಗೆ ಇದು ಸುಮಾರು ೫೦ ಗ್ರಾಂ. ವೃದ್ಧರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕೆಂದು ಅನೇಕ ತಜ್ಞರ ಮತ. ಆದರೆ ನಮ್ಮ ಮನೆಗಳಲ್ಲಿ ವಯಸ್ಸಾದವರಿಗೆ ಗಂಜಿ, ಸಾರನ್ನ, ಬಿಸ್ಕತ್ತೇ ಆಹಾರ. ೧೦೦ ಗ್ರಾಂ ಹುರುಳಿಯಲ್ಲಿ ಸುಮಾರು ೨೨ ಗ್ರಾಂ ಪ್ರೋಟೀನಿದೆ. ಒಂದು ಮೊಟ್ಟೆಯಲ್ಲಿ ೬ ಗ್ರಾಂ. ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಹುರುಳಿಯನ್ನು ಕುದುರೆಯ ಮೇವೆಂದು ಕಡೆಗಣಿಸುವವರು ಕುದುರೆಯ ತೊಡೆಯನ್ನೊಮ್ಮೆ ನೋಡಲಿ! ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರ ಮಾತನ್ನು ಮೀರಬಾರದು.

ಅಜ್ಜನವರ ಕಥೆಯನ್ನು ಮುಗಿಸುತ್ತೇನೆ. ವೈದ್ಯರ ಅಪ್ಪಣೆ ಪಡೆದು, ಮಂಚದ ಅಂಚಿನಿಂದಲೇ ಆರಂಭಿಸಿದೆವು. ಮೊದಲ ವಾರ ನಾವಿಬ್ಬರು ಹಿಡಿದುಕೊಂಡರೂ ಒಂದೇ ಸಲ ಎದ್ದರು. ಅವರಿಗೆ ಸಿಟ್ಟು ಬಂದಿತು. ನಮಗೆ ಅಳು ಬಂದಿತು. ಎಣಿಸುವ ಕೆಲಸವನ್ನು ಅಜ್ಜಿ ವಹಿಸಿಕೊಂಡರು. ಕುರ್ಚಿಯಿಂದ ಐದು ಸಲ ಎದ್ದು ಕೂರುವುದಕ್ಕೆ ೧೨ ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಅದು ದೌರ್ಬಲ್ಯದ ಲಕ್ಷಣವೆಂದು ಏಷ್ಯದ ವೈದ್ಯರ ಮಂಡಲಿಯೊಂದು ೨೦೧೯ರಲ್ಲಿ ಗೊತ್ತುಮಾಡಿದೆ. ನಾಲ್ಕು ತಿಂಗಳ ಬಳಿಕ ಅಜ್ಜನವರು ಕೈ ಊರದೆ ಐದು ಸಲ ಎದ್ದರು; ೧೯ ಸೆಕೆಂಡು ಹಿಡಿಯಿತು. ಪರೀಕ್ಷೆಯಲ್ಲಿ ಇನ್ನೂ ಅನುತ್ತೀರ್ಣರೇ! ಆದರೆ ಬಚ್ಚಲಿಗೆ ತಾವೇ ಹೋಗುತ್ತಾರೆ, ಬೀದಿಯ ಕೊನೆಯ ಚಹದಂಗಡಿಯವರೆಗೆ ಕೋಲೂರಿ ನಡೆದು ಹಳೆಯ ಸಂಗಡಿಗರೊಡನೆ ಮಾತನಾಡಿ ಬರುತ್ತಾರೆ. ಅವರ ಆಯುಷ್ಯ ಎಷ್ಟು ಬೆಳೆಯಿತೆಂದು ನಾನು ಹೇಳಲಾರೆ. ಇರುವ ಆಯುಷ್ಯವು ಅವರ ಕೈಗೆ ಮರಳಿ ಬಂದಿತೆಂದು ಮಾತ್ರ ಹೇಳಬಲ್ಲೆನು.

ಹೋದ ಶನಿವಾರ ನಾನು ಹೋದಾಗ ಅವರು ನೀರಿಗಾಗಿ ಏಳುತ್ತಿದ್ದರು. ಅಭ್ಯಾಸಬಲದಿಂದ ನಾನು ಲೋಟಕ್ಕೆ ಕೈ ಚಾಚಿದೆನು. "ಬಿಡು ಮಗಾ, ನನ್ನ ಲೆಕ್ಕ ತಪ್ಪಿಸಬೇಡ" ಎಂದು ಅವರು ಗದರಿಸಿದರು. ನಾನು ಕೈ ಹಿಂತೆಗೆದೆನು.

ಸಹೋದರ ಸಹೋದರಿಯರೇ, ನಮ್ಮಲ್ಲಿ ಬಹುಮಂದಿ ನಮ್ಮ ಮನೆಗಳಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಆ ಮೆಟ್ಟಿಲನ್ನು ನಾವು ಹತ್ತಲೆಂದು ಕಾಲು ಸವೆಸಿದವರು ಮನೆಯಲ್ಲಿದ್ದಾರೆ. ಈ ಸಲ ರಜೆಗೆ ಹೋದಾಗ ಅವರನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು, ಐದು ಸಲ ಏಳಲು ಹೇಳಿ ನೋಡಿರಿ. ಆಗದಿದ್ದರೆ ಅಂದಿನಿಂದಲೇ ಒಂದರಿಂದ ಆರಂಭಿಸಿರಿ. ಅವರ ಕೈಯ ಕೊಡವನ್ನೆಲ್ಲ ನಾವೇ ಕಿತ್ತುಕೊಳ್ಳುವುದು ಸೇವೆಯಲ್ಲ; ಆ ಕೊಡದಲ್ಲಿ ಅವರು ಹೊರಬಲ್ಲಷ್ಟು ನೀರನ್ನು ಬಿಟ್ಟು ಜೊತೆಯಲ್ಲಿ ನಡೆಯುವುದೇ ನಿಜವಾದ ಸೇವೆ.